ಕೊಪ್ಪದ ಕಲ್ಲಿಗೊಂದು ತೂತು

ಮನುಷ್ಯನ ಚರಿತ್ರೆ ಎಂದರೆ ಅವನಿಗೂ ಕಲ್ಲಿಗೂ ನಡೆದ ವ್ಯವಹಾರದ ಚರಿತ್ರೆ. ಕಲ್ಲಿನಿಂದ ಬೆಂಕಿ ಹುಟ್ಟಿಸಿದ; ಕಲ್ಲನ್ನು ಕಡೆದು ದೇವರು ಮಾಡಿದ, ಮಾಡಿದ ಮೇಲೆ ಅದಕ್ಕೇ ಹೆದರಿದ; ಕಲ್ಲಿನ ಮೇಲೆ ಶಾಸನ ಬರೆಸಿ ಸತ್ತ ಮೇಲೂ ಮಾತಾಡಿದ; ನಮ್ಮ ಸೀಮೆಯಲ್ಲೇ ಬೆಟ್ಟದ ಹೊಟ್ಟೆ ಕೊರೆದು ನಾಲೆಯ ನೀರನ್ನು ಈಚೆಗೆ ದಾಟಿಸಿ, ರಾಗಿ ತಿಂದು ನೆಮ್ಮದಿಯಾಗಿದ್ದವರಿಗೆ ಅನ್ನದ ಚಿಂತೆ ಹತ್ತಿಸಿದ. ಇಷ್ಟು ಘನವಾದ ಆಲೋಚನೆ ನನಗೆ ಬಂದದ್ದು ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ, ಕೈಯಲ್ಲಿ ಚಕ್ಕುಲಿ ಒರಳು ಹಿಡಿದು ನಿಂತಿದ್ದಾಗ. ಈ ಕೆಲಸಗಳನ್ನೆಲ್ಲ ಮಾಡಿದವರು ಬೇರೆಯವರು, ನಾನಲ್ಲ, ಎಂಬ ಅಂಶ ಹೊಳೆಯುವ ಹೊತ್ತಿಗೆ ಮರಳು, ನೀರು, ಜೇಡಿಮಣ್ಣು ಎಲ್ಲ ಸಿದ್ಧವಾಗಿಬಿಟ್ಟಿತ್ತು.

ನಾನು ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಗುಮಾಸ್ತಗಿರಿಯ ಸಾರವೇನೆಂದರೆ, ಯಾವ ಕೆಲಸವೂ ತನ್ನಿಂದ ಆಯಿತೆಂದು ಯಾರಿಗೂ ತಿಳಿಯದ ಹಾಗೆ ಕೆಲಸ ಮಾಡುವುದು. ಕಾಗದ ಮೇಲಿನಿಂದ ಬರುತ್ತದೆ. ನಾನು ಅದರ ಮೂಲೆಯಲ್ಲಿ ಒಂದು ಚಿಕ್ಕ ರುಜು ಹಾಕಿ ಪಕ್ಕದ ಮೇಜಿಗೆ ತಳ್ಳುತ್ತೇನೆ. ಪಕ್ಕದ ಮೇಜಿನವರು ಅದರ ಪಕ್ಕದ ಮೇಜಿಗೆ. ಕೊನೆಗೆ ಏನಾದರೂ ಒಡೆದರೆ, ಮುರಿದರೆ, ಮುಳುಗಿದರೆ, ಅದು ಯಾರ ಕೈಯಲ್ಲಿ ಆಯಿತೆಂದು ಹೇಳುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಈ ಏರ್ಪಾಡಿನ ನೆರಳಿನಲ್ಲಿ ತಲೆ ನರೆಯುವವರೆಗೂ ಸುಖವಾಗಿ ಬದುಕಿದವನು ನಾನು. ಕಲ್ಲಿನ ವಿಚಾರದಲ್ಲಿ ಮಾತ್ರ ಪಕ್ಕದ ಮೇಜು ಇರಲಿಲ್ಲ.

ಆ ಕಲ್ಲು ಸಾಮಾನ್ಯವಾದದ್ದಲ್ಲ. ನನ್ನ ಹೆಂಡತಿ ಸಾಕಮ್ಮನ ತವರು ಮದ್ದೂರು ತಾಲ್ಲೂಕಿನ ಕೊಪ್ಪ. ಅಲ್ಲಿಯ ಹಳೆಯ ಮನೆಯ ಜಗಲಿಗೆ ಹಾಸಿದ್ದ ಚಪ್ಪಡಿ ಅದು. ಒಬ್ಬ ಆಳು ಆರಾಮವಾಗಿ ಮಲಗುವಷ್ಟು ಉದ್ದ. ದಪ್ಪ ನೋಡಿದರೆ ಎರಡೇ ಬೆರಳು. ಅಷ್ಟು ತೆಳ್ಳಗೆ ಅಷ್ಟು ಉದ್ದ ಸೀಳಿದ ಪುಣ್ಯಾತ್ಮ ಯಾರೋ, ಅವನ ಕೈ ನಡುಗಿರಲಿಕ್ಕಿಲ್ಲ. ಸಾಕಮ್ಮನ ತಾತ ಅದರ ಮೇಲೆ ಕೂತು ಊರಿನ ನ್ಯಾಯ ತೀರಿಸುತ್ತಿದ್ದರಂತೆ. ನ್ಯಾಯ ಎಷ್ಟು ತೀರಿತೋ ತಿಳಿಯದು. ವಾದಿ, ಪ್ರತಿವಾದಿ, ಪಂಚರು ಎಲ್ಲ ಕೂತು ಕೂತು, ಜರುಗಿ ಜರುಗಿ, ಕಲ್ಲು ಮಾತ್ರ ಕನ್ನಡಿಯ ಹಾಗೆ ನುಣುಪಾಗಿತ್ತು. ಸಾಕಮ್ಮ ಹುಡುಗಿಯಾಗಿದ್ದಾಗ ಅವರೆಕಾಯಿ ಸುಲಿದದ್ದು, ಜಡೆ ಹೆಣೆಸಿಕೊಂಡದ್ದು, ಅಪ್ಪನ ಕೈಲಿ ಬೈಸಿಕೊಂಡದ್ದು ಎಲ್ಲ ಅದರ ಮೇಲೆಯೇ. ನಾನು ಹೆಣ್ಣು ನೋಡಲು ಹೋದಾಗ ನನ್ನನ್ನು ಕೂರಿಸಿದ್ದೂ ಅಲ್ಲೇ. ಬೇಸಗೆಯ ನಡು ಮಧ್ಯಾಹ್ನ, ಕಲ್ಲು ಕೆಂಡದಂತೆ ಕಾದಿತ್ತು. ಬೇಗ ಏಳಬೇಕೆಂಬ ಒಂದೇ ಆಸೆಯಿಂದ ಬೇಗ ಒಪ್ಪಿಕೊಂಡೆ. ನನ್ನ ಸಂಸಾರ ಸುಖವಾಗಿದೆ. ಆದ್ದರಿಂದ ಆ ಕಲ್ಲಿನ ಮೇಲೆ ನನಗೆ ದೂರಿಲ್ಲ.

ಮಾವನವರು ತೀರಿಕೊಂಡ ಮೇಲೆ ಭಾಮೈದ ಬೋರೇಗೌಡ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟ. ಒಳ್ಳೆಯ ಹುಡುಗ. "ಅಕ್ಕ, ಈ ಮನೇಲಿ ನಿಂಗೇನ್ ಬೇಕೋ ಕೇಳು, ಕೊಡ್ತೀನಿ" ಎಂದ. ಹಸು ಕೇಳುತ್ತಾಳೋ ತಾಯಿಯ ಕೊರಳಿನ ಅಡ್ಡಿಕೆ ಕೇಳುತ್ತಾಳೋ ಎಂದು ಎಲ್ಲರೂ ಕಾದಿದ್ದರೆ ಇವಳು, "ಆ ಜಗಲಿ ಕಲ್ಲು ಕೊಡು" ಎಂದಳು. "ಕಲ್ಲಾ?" "ಊ ಕಣಪ್ಪ, ಕಲ್ಲೇಯ." ಅವನು ಗಾಡಿಗೆ ಒಣಹುಲ್ಲು ಹಾಸಿ, ಕಲ್ಲನ್ನು ಹೊಸ ಮದುವಣಗಿತ್ತಿಯಂತೆ ಮಲಗಿಸಿ, ಗುಂಡಿ ಬಂದ ಕಡೆಯಲ್ಲೆಲ್ಲ ಇಳಿದು ಚಕ್ರ ಹಿಡಿದು, ಮದ್ದೂರು ದಾಟಿಸಿ ಮಳವಳ್ಳಿಗೆ ತಂದು ಇಳಿಸಿದ. ಹೀಗೆ ನನ್ನ ಹೆಂಡತಿಗೆ ತವರಿನಿಂದ ಬಂದ ಪಾಲು ಎಂದರೆ ಅದೊಂದೇ. ಅದು ಒಂದೇ ತುಂಡಾಗಿರುವವರೆಗೆ ಅವಳ ತವರೂ ಒಂದೇ ತುಂಡಾಗಿರುತ್ತದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಕಲ್ಲು ಅಡುಗೆಮನೆ ಸೇರಿದ್ದು ಮಂಡ್ಯದ ದೆಸೆಯಿಂದ. ಅಲ್ಲಿ ಕಾರ್ಖಾನೆ ಕೆಲಸದಲ್ಲಿದ್ದ ನನ್ನ ಸ್ನೇಹಿತರೊಬ್ಬರ ಮನೆಗೆ ನಾಮಕರಣಕ್ಕೆ ಹೋಗಿದ್ದೆವು. ಆ ಮನೆಯಲ್ಲಿ ಒಲೆ ಸೊಂಟದೆತ್ತರದ ಕಟ್ಟೆಯ ಮೇಲಿತ್ತು. ಆ ಮನೆಯಾಕೆ ನಿಂತುಕೊಂಡೇ ಅಡುಗೆ ಮಾಡುತ್ತಿದ್ದರು. ಸಾಕಮ್ಮ ಅದನ್ನು ನೋಡಿಕೊಂಡು ಬಂದವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೊಂಟ ಹಿಡಿದುಕೊಂಡು ಕೂತಳು. ಹೋಗುವಾಗ ಆ ಸೊಂಟ ಚೆನ್ನಾಗಿಯೇ ಇತ್ತು. ಮುಂದಿನ ತಿಂಗಳು ನಮ್ಮ ಮನೆಯಲ್ಲೂ ಇಟ್ಟಿಗೆ ಕಟ್ಟೆ ಎದ್ದಿತು, ಅದರ ಮೇಲೆ ಕೊಪ್ಪದ ಕಲ್ಲು ಕೂತಿತು. ನಮ್ಮ ಜೊತೆಯಲ್ಲಿರುವ ನನ್ನ ಸೋದರತ್ತೆ ಕೆಂಪತ್ತೆಗೆ ಇದು ಸರಿಬರಲಿಲ್ಲ. "ಊರ ನ್ಯಾಯಕ್ಕೆ ಬಂದೋರೆಲ್ಲ ಕುಂಡಿ ಊರಿದ ಕಲ್ಲು ಅದು. ಅದ್ರ ಮ್ಯಾಲೆ ಹಿಟ್ಟು ಮಿದ್ದೀಯಾ?" ಎಂದು ಸಾಕಮ್ಮನನ್ನು ಕೇಳಿತು. "ಉಣಸೆಹಣ್ಣು ಹಾಕಿ ಉಜ್ಜಿದೀನಿ ಕಣತ್ತೆ" ಎಂದಳು ಇವಳು. "ಉಣಸೆಹಣ್ಣಿಗೆ ಓಗೋ ನ್ಯಾಯ ಅಲ್ಲ ಕಣವ್ವ ಅವು" ಎಂದು ಅತ್ತೆ ಎಲೆಅಡಿಕೆಗೆ ಕೈಹಾಕಿತು.

ಎಲ್ಲ ಸರಿಯಾಗಿತ್ತು, ನೀರೊಂದನ್ನು ಬಿಟ್ಟು. ಸೊಪ್ಪು ತೊಳೆದರೆ, ಅಕ್ಕಿ ತೊಳೆದರೆ, ನೀರು ಆ ನುಣುಪಿನ ಮೇಲೆ ಸರ್ರನೆ ಜಾರಿ ಸಾಕಮ್ಮನ ಕಾಲಿನ ಮೇಲೆ ಬೀಳುತ್ತಿತ್ತು. ಒಂದು ದಿನ ಒದ್ದೆ ಸೀರೆಯ ಅಂಚು ಹಿಂಡುತ್ತ, ಬಲಗಡೆಯ ಮೂಲೆಯನ್ನು ಬೆರಳಿನಿಂದ ಮುಟ್ಟಿ, "ಇಲ್ಲೊಂದು ತೂತಿದ್ದಿದ್ರೆ ನೀರು ತಾನಾಗೇ ಬಚ್ಚಲಿಗೆ ಓಗದು" ಎಂದಳು. ಅಷ್ಟೇ. ಎರಡನೆಯ ಸಲ ಹೇಳಲಿಲ್ಲ. ಹೆಂಡತಿ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನು ಗಂಡನಾದವನು ಕೇಳಿಸಿಕೊಳ್ಳದೆ ಸುಖವಾಗಿರಬಹುದು. ಒಂದೇ ಸಲ ಹೇಳಿ ಸುಮ್ಮನಾದ ಮಾತು ಬೆನ್ನು ಬಿಡುವುದಿಲ್ಲ.

ಕಲ್ಲುಕೆಲಸದ ಮುನಿಯನನ್ನು ಕರೆಸಿದೆ. ಅವನು ಸುತ್ತಿಗೆಯ ಹಿಂಬದಿಯಿಂದ ಕಲ್ಲನ್ನು ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟಿ, ವೈದ್ಯರು ನಾಡಿ ಬಿಡುವಂತೆ ಬಿಟ್ಟು ಹಿಂದೆ ಸರಿದ. "ಕೊರ್ಕೊಡ್ತೀನಿ ಬುದ್ದಿ. ಆದ್ರೆ ಈ ಗೆರೆ ನೋಡಿದ್ರಾ?" ಎಂದ. ನಾನು ಇಪ್ಪತ್ತು ವರ್ಷದಿಂದ ಕಂಡಿದ್ದ ಕಲ್ಲಿನಲ್ಲಿ ಆವರೆಗೆ ಕಾಣದಿದ್ದ ಒಂದು ಬಿಳಿ ಗೆರೆ, ಕೂದಲಿನಷ್ಟು ಸಣ್ಣದು, ಸಾಕಮ್ಮ ಬೆರಳಿಟ್ಟ ಮೂಲೆಯ ಪಕ್ಕದಲ್ಲೇ ಹಾದು ಕಲ್ಲಿನುದ್ದಕ್ಕೂ ಹೋಗಿತ್ತು. "ಅದು ಬರೀ ಬಣ್ಣವೋ ಬಿರುಕೋ, ಉಳಿ ಬಿದ್ಮೇಲೇ ಗೊತ್ತಾಗದು. ಸೀಳ್ತು ಅಂದ್ರೆ ನನ್ ಕೇಳಬ್ಯಾಡಿ." ಆ ಮಾತು ಕೇಳಿ ನನಗೆ ಅವನ ಮೇಲೆ ಗೌರವವೇ ಹುಟ್ಟಿತು, ನಮ್ಮ ಕಚೇರಿಯಲ್ಲಿ ಇರಬೇಕಾದವನು. ಆಮೇಲೆ ಹೊಳೆಯಿತು: ಇವನನ್ನು ಕೇಳಬಾರದಾದರೆ ಸಾಕಮ್ಮ ಕೇಳುವುದು ಯಾರನ್ನು? ಮುನಿಯನಿಗೆ ಕಾಫಿ ಕೊಟ್ಟು ಕಳಿಸಿದೆ. ಅಂದಿನಿಂದ ನನಗೆ ಆ ಗೆರೆ ಎಲ್ಲೆಲ್ಲೂ ಕಾಣತೊಡಗಿತು: ಗೋಡೆಯಲ್ಲಿ, ಊಟದ ತಟ್ಟೆಯಲ್ಲಿ, ಶಿರಸ್ತೇದಾರರ ಹಣೆಯ ಮೇಲೆ.

ಹಾಗಿದ್ದ ಮೇಲೆ ಸುಮ್ಮನಿರಬಹುದಿತ್ತು. ಸುಮ್ಮನಿರದಂತೆ ಮಾಡಿದವರು ಪ್ರೌಢಶಾಲೆಯ ಸೈನ್ಸ್ ಮೇಷ್ಟ್ರು. ಸಂಜೆ ವಾಯುವಿಹಾರದಲ್ಲಿ ಸಿಕ್ಕಿದಾಗ ನನ್ನ ಕಷ್ಟ ತೋಡಿಕೊಂಡೆ. ಅವರಿಗೆ ಯಾರ ಕಷ್ಟ ಕೇಳಿದರೂ ಮುಖ ಅರಳುತ್ತದೆ. "ಹೊಡೆದರೆ ತಾನೇ ಸ್ವಾಮಿ ಒಡೆಯೋದು? ಉಜ್ಜಿ! ಒಂದು ಹಿತ್ತಾಳೆ ಕೊಳವೆ ತಗೊಳ್ಳಿ. ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ. ಕೆಳಗೆ ಚೂಪು ಮರಳು, ನೀರು. ಆ ಕಡೆ ಈ ಕಡೆ ತಿರುಗಿಸ್ತಾ ಇರಿ. ಕೊರೆಯೋದು ಮರಳು, ಕೊಳವೆ ಬರೀ ಅದನ್ನ ಓಡಾಡಿಸುತ್ತೆ. ಮಧ್ಯದ ಕಲ್ಲು ಬಿಲ್ಲೆಯ ಹಾಗೆ ದುಂಡಗೆ ಬಿದ್ದುಹೋಗುತ್ತೆ" ಎಂದರು. "ಎಷ್ಟು ದಿನ ಹಿಡಿಯುತ್ತೆ?" ಎಂದೆ. "ಅದು ಪುಸ್ತಕದಲ್ಲಿಲ್ಲ. ಆದರೆ ಒಂದು. ಇನ್ನೇನು ಕೊನೆ ಬಂತು ಅನ್ನುವಾಗ ಮಾತ್ರ ಒತ್ತಬೇಡಿ. ಒತ್ತಿದಿರೋ, ಕೆಳಗಡೆಯಿಂದ ಚಕ್ಕೆ ಹಾರುತ್ತೆ. ಆ ಚಕ್ಕೆ ನೀವು ಹೇಳಿದ ಗೆರೆಗೆ ಹೋಗಿ ತಾಗಿತೋ..." ಎಂದು ನಿಲ್ಲಿಸಿ, ಬೀದಿಯ ಆ ತುದಿಯಲ್ಲಿ ಯಾರನ್ನೋ ಕಂಡು ಬಿರಬಿರನೆ ಹೋಗಿಬಿಟ್ಟರು. ಕೊನೆ ಎಲ್ಲಿದೆಯೆಂದು ತಿಳಿಯದವನು ಮೊದಲ ದಿನದಿಂದಲೇ ಕೊನೆಯಲ್ಲಿದ್ದಂತೆ ನಡೆದುಕೊಳ್ಳಬೇಕಾಗುತ್ತದೆ. ಸಂನ್ಯಾಸಿಗಳಿಗೆ ಇದು ಒಳ್ಳೆಯದು. ಸಂಸಾರಿಗೆ ಬೆವರು ಕಿತ್ತುಕೊಂಡು ಬರುತ್ತದೆ.

ಅನುಕೂಲವೂ ತಾನಾಗಿ ಒದಗಿತು. ಶ್ರಾವಣ, ಕೊಪ್ಪದಲ್ಲಿ ನಾಟಿ. ಬೋರೇಗೌಡನ ಹೆಂಡತಿ ಬಾಣಂತನಕ್ಕೆ ತನ್ನ ತವರಿಗೆ ಹೋಗಿದ್ದಳು. ನಾಟಿ ಆಳುಗಳಿಗೆ ಬೇಯಿಸಿ ಹಾಕಲು ಅಕ್ಕನಿಗೆ ಹೇಳಿಕಳಿಸಿದ. ಸಾಕಮ್ಮ ಮಕ್ಕಳನ್ನು ಕಟ್ಟಿಕೊಂಡು ಹೊರಟು ನಿಂತು, "ಗೌರಿ ಹಬ್ಬದ ಹಿಂದಿನ್ ದಿನ ಬತ್ತೀನಿ. ಬಾಗಿನ ತಕಂಡು ತಮ್ಮಾನೂ ಬತ್ತಾನೆ. ಅತ್ತೆ ಜ್ವಾಪಾನ. ಎಮ್ಮೆ ಜ್ವಾಪಾನ. ಕಲ್ಲಿನ ಮ್ಯಾಲೆ ಏನೂ ಕುಟ್ಟಬ್ಯಾಡಿ, ಜ್ವಾಪಾನ" ಎಂದಳು. ಜೋಪಾನವಾಗಿರಬೇಕಾದವರ ಪೈಕಿ ನನ್ನ ಹೆಸರು ಬರಲಿಲ್ಲ. ಕುಟ್ಟಬೇಡಿ ಎಂದಳೇ ಹೊರತು ಉಜ್ಜಬೇಡಿ ಎನ್ನಲಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಉಳಿದದ್ದು ಕೊಳವೆ. ಅದು ಯುದ್ಧದ ಕಾಲ. ಪೇಟೆಯಲ್ಲಿ ಸೀಮೆಎಣ್ಣೆಗೆ ಸಾಲು, ಬಟ್ಟೆಗೆ ಸಾಲು. ಹಿತ್ತಾಳೆಗೆ ಸಾಲೂ ಇರಲಿಲ್ಲ, ಹಿತ್ತಾಳೆಯೇ ಇರಲಿಲ್ಲ. ಪಾತ್ರೆ ಅಂಗಡಿಯವನು, "ಕೊಳವೇನಾ? ತುಬಾಕಿ ಮಾಡೀರಾ ಸ್ವಾಮಿ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿ, "ಯುದ್ಧ ಮುಗೀಲಿ, ಬನ್ನಿ" ಎಂದ. ಸರ್ಕಾರಿ ನೌಕರನಾದ ನನಗೆ ಆ ತುಬಾಕಿಯ ಮಾತಿನಿಂದ ಮನೆ ಸೇರುವವರೆಗೂ ಬೆನ್ನಲ್ಲಿ ಚಳಿ. ಮನೆಗೆ ಬಂದು ನೀರು ಕುಡಿಯಲು ಅಡುಗೆಮನೆಗೆ ಹೋದವನಿಗೆ ಗೂಡಿನಲ್ಲಿ ಚಕ್ಕುಲಿ ಒರಳು ಕಂಡಿತು. ಅದು ಕಣ್ಣಿಗೆ ಬಿದ್ದ ಗಳಿಗೆಯನ್ನು ನಾನಿನ್ನೂ ಮರೆತಿಲ್ಲ. ತಳದ ಅಚ್ಚು ತೆಗೆದರೆ ಎರಡು ಕಡೆಗೂ ಬಾಯಿರುವ ಗಟ್ಟಿ ಹಿತ್ತಾಳೆ ಕೊಳವೆ! ಹಿಡಿದು ತಿರುಗಿಸಲು ಎರಡು ಪಕ್ಕಕ್ಕೂ ಹಿಡಿ ಬೇರೆ! ಇದನ್ನು ಮಾಡಿದವನು ಮನಸ್ಸಿನಲ್ಲಿ ಕಲ್ಲು ಕೊರೆಯುವ ಯಂತ್ರವನ್ನೇ ಇಟ್ಟುಕೊಂಡು ಮಾಡಿ, ಗಿರಾಕಿ ಸಿಗದೆ ಚಕ್ಕುಲಿಯ ಹೆಸರಿನಲ್ಲಿ ಮಾರಿರಬೇಕು ಎಂದು ನನಗೆ ಅನ್ನಿಸಿತು.

ಮೊದಲನೆಯ ದಿನ ಒರಳು ಕಲ್ಲಿನ ಮೇಲೆ ನಿಲ್ಲಲೇ ಇಲ್ಲ. ತಿರುಗಿಸಿದೊಡನೆ ಜಾರಿ, ಗೆರೆಯ ಕಡೆಗೇ ನುಗ್ಗಿ, ತಾತನವರ ನುಣುಪಿನ ಮೇಲೆ ಒಂದು ಅರ್ಧಚಂದ್ರ ಗೀಚಿತು. ಹಳೆಯ ಪೆಟ್ಟಿಗೆಯ ಮುಚ್ಚಳವೊಂದರಲ್ಲಿ ಬಡಗಿಯಿಂದ ಒರಳಿನಷ್ಟೇ ಅಗಲದ ತೂತು ಮಾಡಿಸಿ, ಆ ಹಲಗೆಯನ್ನು ಕಲ್ಲಿನ ಮೇಲೆ ಬಿಗಿಯಾಗಿ ಕಟ್ಟಿ, ತೂತಿನೊಳಗೆ ಒರಳು ಇಳಿಸಿದೆ. ಆಮೇಲೆ ಅದು ಅಲ್ಲಾಡಲಿಲ್ಲ. ಸುತ್ತ ಜೇಡಿಮಣ್ಣಿನ ಏರಿ. ಒಳಗೆ ಮರಳು, ನೀರು. ಸರಕ್, ಸರಕ್. ಹಲ್ಲು ಜುಮ್ಮೆನ್ನುವ ಸದ್ದು. ಬೆಳಿಗ್ಗೆ ಕಚೇರಿಗೆ ಮುಂಚೆ, ಸಂಜೆ ಕಚೇರಿಯ ಮೇಲೆ. ಕಟ್ಟೆಯ ಕೆಳಗೆ ಬಚ್ಚಲ ಮೋರಿ ಹಾದುಹೋಗುವ ಗೂಡಿನಲ್ಲಿ ಹುಲ್ಲು ತುಂಬಿದ ಕುಕ್ಕೆಯೊಂದನ್ನು ಇಟ್ಟೆ. ಬಿಲ್ಲೆ ಯಾವಾಗ ಬಿದ್ದರೂ ಸದ್ದಾಗಬಾರದು, ಸದ್ದಾದರೆ ನನಗೇನಾದರೂ ಆದೀತು.

ಕೆಂಪತ್ತೆ ಎಲೆಅಡಿಕೆಯ ತಟ್ಟೆ ಹಿಡಿದು ಬಾಗಿಲಲ್ಲಿ ಬಂದು ಕೂತಿತು. ಬಹಳ ಹೊತ್ತು ನೋಡಿತು. "ಏನ್ಲಾ ಅದು?"

"ತೂತು ಮಾಡ್ತಾ ಇದೀನಿ ಕಣತ್ತೆ."

"ನಾನು ಈ ವಯಸ್ಸಿಗೆ ಏನೇನೋ ನೋಡಿವ್ನಿ. ಕಲ್ಲಿಗೆ ಚಕ್ಲಿ ಒತ್ತೋನ್ನ ಇವತ್ತೇ ಕಂಡದ್ದು."

"ಸೈನ್ಸು ಅತ್ತೆ ಇದು."

"ಸೈನ್ಸೋ ಪೈನ್ಸೋ. ಕಲ್ಲು ಸೀಳದು ಒಳ್ಳೇದಲ್ಲ ಕಣ್ಲಾ. ನಮ್ಮಳ್ಳೀಲಿ ಒಬ್ಬರ ಮನೇಲಿ ಒಸಲು ಕಲ್ಲು ಸೀಳ್ತು. ಆ ವರ್ಸವೇ ಅಣ್ಣತಮ್ಮದೀರು ಬ್ಯಾರೆ ಆಗೋದ್ರು."

"ನನಗೆ ಅಣ್ಣತಮ್ಮಂದಿರೇ ಇಲ್ಲವಲ್ಲ ಅತ್ತೆ."

ಅತ್ತೆ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟು, ಎರಡು ಸಲ ಅಗಿದು ಹೇಳಿತು: "ಗಂಡ ಎಂಡ್ತಿ ಇದ್ದೀರಲ್ಲ."

ಆ ದಿನದಿಂದ ನನಗೆ ನಿದ್ದೆ, ಊಟ ಎರಡೂ ಹೆಸರಿಗೆ ಮಾತ್ರ. ಕಚೇರಿಯಲ್ಲಿ ಶಿರಸ್ತೇದಾರರಿಗೆ ಬೆರಳು ನೆಟಿಕೆ ತೆಗೆಯುವ ಅಭ್ಯಾಸ. ಅವರು ಒಂದು ನೆಟಿಕೆ ತೆಗೆದರೆ ನಾನು ಕುರ್ಚಿಯಿಂದ ಒಂದು ಗೇಣು ಮೇಲೆ ಏಳುತ್ತಿದ್ದೆ. ಕೈಗಳು ಒರಳು ತಿರುಗಿಸಿ ತಿರುಗಿಸಿ ಅದಕ್ಕೇ ಪಳಗಿಹೋಗಿದ್ದವು. ಲೇಖನಿ ಹಿಡಿದರೂ ಆ ಕಡೆ ಈ ಕಡೆ ತಿರುಗುತ್ತಿದ್ದವು. "ಏನ್ರೀ, ನಿಮ್ಮ ಅಕ್ಷರ ಗಿರಿಗಿರಿ ಅಂತಾ ಇವೆಯಲ್ಲ, ಮೈಗೆ ಸರಿಯಿಲ್ಲವೇ?" ಎಂದು ಶಿರಸ್ತೇದಾರರು ಕೇಳಿದರು. ಮನೆಯಲ್ಲಿ ಕಲ್ಲು ಕೊರೆಯುತ್ತಿದ್ದೇನೆ ಎಂದು ಹೇಳುವುದು ಹೇಗೆ? "ಸ್ವಲ್ಪ ಪಿತ್ತ" ಎಂದೆ. ಅವರು ಜೀರಿಗೆ ಕಷಾಯ ಹೇಳಿದರು. ಹೆದರಿಕೆಗೆ ಅದು ನಾಟಲಿಲ್ಲ.

ಮನೆಗೆ ಬಂದೊಡನೆ ಮೊದಲು ಮಾಡುತ್ತಿದ್ದ ಕೆಲಸ ಗೆರೆ ನೋಡುವುದು. ಬೆಳಿಗ್ಗೆ ಇದ್ದದ್ದಕ್ಕಿಂತ ಉದ್ದವಾಗಿದೆಯೇ? ಅಗಲವಾಗಿದೆಯೇ? ಉಗುರು ಹಾಕಿ ನೋಡುವುದು. ಉಗುರಿಗೆ ಸಿಕ್ಕಿದ ಹಾಗೂ ಇರುತ್ತಿತ್ತು, ಸಿಗದ ಹಾಗೂ ಇರುತ್ತಿತ್ತು. ಒಂದು ಸಂಜೆ ಗೆರೆಯಿಂದ ಒಂದು ಕವಲು ಒಡೆದು ತೂತಿನ ಕಡೆಗೆ ಬಂದಿರುವುದನ್ನು ಕಂಡು ಅಲ್ಲೇ ಕುಸಿದು ಕೂತೆ. ಕೆಂಪತ್ತೆ ಬಂದು, ಬಗ್ಗಿ ನೋಡಿ, ಆ ಕವಲನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ನನ್ ಕೂದ್ಲು ಕಣ್ಲಾ" ಎಂದಿತು. ನರೆಗೂದಲು ಇಷ್ಟು ಸುಂದರವಾಗಿ ಕಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಕೆಲಸವೇನೋ ಸಾಗುತ್ತಿತ್ತು. ಪೊರಕೆಯ ಕಡ್ಡಿ ಇಳಿಬಿಟ್ಟು ಆಳ ನೋಡುತ್ತಿದ್ದೆ. ಮೊದಲ ವಾರ ಕಡ್ಡಿಗೆ ಕಲ್ಲಿನ ಆಳ ಸಿಕ್ಕುವ ಬದಲು ನನಗೆ ಬೇಸರದ ಆಳ ಸಿಕ್ಕಿತು; ಆಮೇಲೆ ನಿಧಾನವಾಗಿ ಉಗುರಿನಷ್ಟು, ಬೆರಳಿನಷ್ಟು ಇಳಿಯಿತು. ಉಂಗುರದ ಹಾಗೆ ಕೊರೆದ ಗುಂಡಿ, ನಡುವೆ ಕಲ್ಲಿನ ಕಂಬ. ನೋಡಲು ಚೆನ್ನಾಗಿಯೇ ಇತ್ತು. ಚೆನ್ನಾಗಿದ್ದಷ್ಟೂ ಹೆದರಿಕೆ ಹೆಚ್ಚಾಯಿತು. ಕೆಟ್ಟಿದ್ದ ಕೆಲಸ ಇನ್ನಷ್ಟು ಕೆಟ್ಟರೆ ಯಾರೂ ಅಳುವುದಿಲ್ಲ. ಆಗುತ್ತಾ ಬಂದ ಕೆಲಸ ಕೆಡುವುದನ್ನು ನೋಡಲು ಗಟ್ಟಿ ಎದೆ ಬೇಕು. ದಿನಗಳು ಹಬ್ಬದ ಕಡೆಗೆ ಓಡಿದವು. ನಾನು ಒತ್ತುವುದನ್ನು ಕಡಿಮೆ ಮಾಡಿದೆ. ಆಮೇಲೆ ಒತ್ತುವುದನ್ನೇ ಬಿಟ್ಟೆ. ಕೊನೆಗೆ ಒರಳನ್ನು ಎತ್ತಿ ಹಿಡಿದುಕೊಂಡೇ ತಿರುಗಿಸುತ್ತಿದ್ದೆನೆಂದು ಕಾಣುತ್ತದೆ. "ಅದು ಕಲ್ಲಿಗೆ ಮುಟ್ತಾನೇ ಇಲ್ವಲ್ಲೋ" ಎಂದು ಅತ್ತೆ ಎರಡು ಸಲ ಎಚ್ಚರಿಸಿತು.

ಗೌರಿ ಹಬ್ಬದ ಹಿಂದಿನ ಬೆಳಿಗ್ಗೆ. ಮಧ್ಯಾಹ್ನದ ಬಸ್ಸಿಗೆ ಸಾಕಮ್ಮ, ಬೋರೇಗೌಡ ಬರುವವರು. ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಮರಳು ಬದಲಾಯಿಸಿ, ಒರಳಿಗೆ ಕೈಹಾಕಿ ತಿರುಗಿಸಿದೆ. ಸರಕ್. ಸರಕ್. ಟಕ್!

ಒಳಗಿನಿಂದ ಬಂದ ಸದ್ದು. ದೊಡ್ಡದಲ್ಲ. ಮುಳ್ಳು ಮುರಿದಂತೆ. ಅದು ಬಿಲ್ಲೆ ಕಳಚಿದ ಸದ್ದೋ, ಗೆರೆ ಬಿಟ್ಟುಕೊಂಡ ಸದ್ದೋ? ಬಗ್ಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಗಂಡಸಾದವನು ನೋಡುತ್ತಿದ್ದ. ನಾನು ಕಣ್ಣು ಮೇಲಕ್ಕೆತ್ತಿ, ಅಟ್ಟದ ತೊಲೆಗಳನ್ನು ನೋಡುತ್ತ, ಒರಳನ್ನು ಮೆಲ್ಲಗೆ ಈಚೆಗೆ ತೆಗೆದು, ಕೈಯಂದಾಜಿನಲ್ಲೇ ಹಲಗೆ ಬಿಚ್ಚಿ, ಮಣ್ಣು ಬಳಿದು ತೆಗೆದು, ಗೋಡೆಗೆ ಒರಗಿಸಿದ್ದ ಮೊರ ತಂದು ಆ ಜಾಗದ ಮೇಲೆ ಕವಿಚಿ ಹಾಕಿದೆ. ಒರಳನ್ನು ತೊಳೆದು ಗೂಡಿನಲ್ಲಿಟ್ಟೆ. "ಏನಾಯ್ತ್ಲಾ?" ಎಂದಿತು ಅತ್ತೆ. "ಗೊತ್ತಿಲ್ಲ" ಎಂದೆ. "ನೋಡ್ಬಾರ್ದಾ?" "ನೀನೇ ನೋಡತ್ತೆ." "ನಾನ್ ಯಾಕ್ಲಾ ನೋಡ್ಲಿ? ನಾಳೆ ಕಂಡೋಳು ನಾನೇ ಅಂತ ಆಯ್ತದೆ" ಎಂದು ಅತ್ತೆ ಅಡಿಕೆ ಕತ್ತರಿಸತೊಡಗಿತು. ನಮ್ಮ ವಂಶವೇ ಕಚೇರಿ ಕೆಲಸಕ್ಕೆ ಹೇಳಿಮಾಡಿಸಿದ್ದು.

ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಆಗಿನ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು; ಹಿಂದೆ ಒಂದು ಹಂಡೆಯಂಥದ್ದು ಕಟ್ಟಿಕೊಂಡು, ಏರು ಬಂದ ಕಡೆ ಪ್ರಯಾಣಿಕರನ್ನು ಇಳಿಸಿ ತಳ್ಳಿಸಿಕೊಂಡು ಬರುತ್ತಿದ್ದವು. ಯಾವತ್ತೂ ಹೊತ್ತಿಗೆ ಬಾರದ ಆ ಬಸ್ಸು, ಇವತ್ತು ಬರುವುದೇ ಬೇಡ, ಮದ್ದೂರಿನಲ್ಲೇ ಕೆಟ್ಟು ನಿಲ್ಲಲಿ ಎಂದು ನಾನು ಹರಕೆ ಹೊತ್ತ ದಿನ ಸರಿಯಾದ ಹೊತ್ತಿಗೆ ಬಂದಿತು. ಮಕ್ಕಳು ಇಳಿದರು, ಸಾಕಮ್ಮ ಇಳಿದಳು, ಬಾಗಿನದ ಮೊರಗಳನ್ನು ಬಟ್ಟೆಯಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು ಬೋರೇಗೌಡ ಇಳಿದ. ನನ್ನನ್ನು ನೋಡಿ, "ಯಾಕ್ ಭಾವ, ಮೊಕ ಇಂಗೆ ಬೆಳ್ಳಗಾಗದೆ? ಜ್ವರ ಬಂದಿತ್ತಾ?" ಎಂದ. ಸಾಕಮ್ಮ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಅಂಗೈ ತುಂಬ ಬೊಬ್ಬೆ. "ಏನು ಮಾಡಿದ್ರಿ?" ಎಂದಳು. "ಕಚೇರಿಯಲ್ಲಿ ಬಹಳ ಬರವಣಿಗೆ" ಎಂದೆ.

ಬಾಗಿಲಲ್ಲೇ ಕೆಂಪತ್ತೆ ಕಾದಿತ್ತು. ಯಾವುದನ್ನೂ ತಾನು ಕಂಡಿಲ್ಲ ಎಂದ ಅತ್ತೆ, ಒಂದೇ ಉಸಿರಿಗೆ, "ಬಾರವ್ವ, ನಿನ್ ಗಂಡ ಅಡುಗೆಮನೇಲಿ ಅದೇನೋ ಘನಂದಾರಿ ಕೆಲ್ಸ ಮಾಡಿ ಮೊರ ಮುಚ್ಚವ್ನೆ. ಬ್ಯಾರೆ ಯಾರೂ ಮುಟ್ಟಿಲ್ಲ" ಎಂದು ವರದಿ ಒಪ್ಪಿಸಿತು.

ಸಾಕಮ್ಮ ಗಂಟು ಇಳಿಸಲಿಲ್ಲ, ಕಾಲು ತೊಳೆಯಲಿಲ್ಲ. ನೆಟ್ಟಗೆ ಒಳಗೆ ಹೋದಳು. ನಾನು ನಡುಮನೆಯ ಕಂಬ ಹಿಡಿದುಕೊಂಡೆ. ಮೊರ ಎತ್ತಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಬೈದಿದ್ದರೆ, ಕಿರುಚಿದ್ದರೆ, ಅತ್ತಿದ್ದರೆ ಒಂದು ಲೆಕ್ಕ. ಆ ಮೌನದಲ್ಲಿ ನಾನು ಎರಡು ತುಂಡಾದ ಕಲ್ಲನ್ನು ನೋಡಿದೆ, ಗಾಡಿಯ ಮೇಲೆ ಹುಲ್ಲು ಹಾಸಿ ಅದನ್ನು ವಾಪಸು ಒಯ್ಯುತ್ತಿರುವ ಬೋರೇಗೌಡನನ್ನು ನೋಡಿದೆ, ಹಿಂದೆ ನಡೆದು ಹೋಗುತ್ತಿರುವ ಸಾಕಮ್ಮನನ್ನೂ ನೋಡಿದೆ. ಕಾಲು ತಾನಾಗಿ ಒಳಗೆ ಎಳೆದುಕೊಂಡು ಹೋಯಿತು.

ಅವಳು ಎರಡು ಬೆರಳನ್ನು ತೂತಿನೊಳಗೆ ಬಿಟ್ಟು ಸುತ್ತಲೂ ಸವರುತ್ತಿದ್ದಳು, ಹಸುಗೂಸಿನ ಕಿವಿ ಸವರಿದ ಹಾಗೆ. ದುಂಡಗೆ, ನುಣ್ಣಗೆ, ಬಳೆಯಂಥ ತೂತು. ಗೆರೆ ಇದ್ದಲ್ಲೇ ಇತ್ತು, ಬರೀ ಬಣ್ಣವಾಗಿ. ಬಗ್ಗಿ ಕಲ್ಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಅಂಗೈಯಿಂದ ತಟ್ಟಿದಳು. ಚೆಂಬಿನಲ್ಲಿ ನೀರು ತೆಗೆದುಕೊಂಡು ಹೊಯ್ದಳು. ನೀರು ಮೂಲೆಗೆ ಬಂದು, ಒಂದು ಸುತ್ತು ತಿರುಗಿ, ಗುಳುಕ್ಕೆಂದು ಮಾಯವಾಯಿತು.

"ನೀವೇ ಮಾಡಿದ್ರಾ?"

"ಹೂಂ."

"ಎದ್ರಿಕೆ ಆಗ್ಲಿಲ್ವಾ?"

"ಛೆ, ಛೆ" ಎಂದೆ. ಹಿಂದಿನಿಂದ ಕೆಂಪತ್ತೆಗೆ ಕೆಮ್ಮು ಬಂದಿತು. ಬಹಳ ಹೊತ್ತು ನಿಲ್ಲಲಿಲ್ಲ.

ಬೋರೇಗೌಡ ಕಟ್ಟೆಯ ಕೆಳಗೆ ತಲೆ ತೂರಿಸಿ, ಅಡಿಯಲ್ಲಿ ಕೈಯಾಡಿಸಿ, "ಕೆಳಗಡೆ ಉಗುರಿನಷ್ಟು ಚಕ್ಕೆ ಎದ್ದದೆ ಅಷ್ಟೇಯ. ಏನೂ ಆಗಿಲ್ಲ ಬುಡು ಭಾವ" ಎಂದು, ಒದ್ದೆ ಹುಲ್ಲಿನೊಳಗಿಂದ ಬಿಲ್ಲೆಯನ್ನು ಹುಡುಕಿ ತೆಗೆದ. ಅಂಗೈಯಲ್ಲಿ ಕೂರುವಷ್ಟು. ಒಂದು ಮುಖ ತಾತನವರು ಕೂತು ಮಾಡಿದ ಕನ್ನಡಿ, ಮೈಸುತ್ತ ನಾನು ನಡುಗುತ್ತ ಮಾಡಿದ ಗೀರು. ಅವನು ಅದನ್ನು ಪಂಚೆಯ ಅಂಚಿನಿಂದ ಒರೆಸಿ ಒರೆಸಿ ನೋಡಿದ. "ಅಕ್ಕ, ಕಲ್ಲು ನಿನ್ನದೇಯ. ನಾನು ಕೇಳಬಾರದು. ಆದ್ರೆ ಅದು ಓದ್ ಮ್ಯಾಲೆ ನಮ್ ಜಗಲಿ ಬೋಳು ಬೋಳು ಕಾಣ್ತದೆ. ಈ ತುಂಡ್ನ ನಂಗೆ ಕೊಡ್ತೀಯಾ? ಹೊಸ ಜಗಲಿಗೆ ಗಾರೆ ಹಾಕುಸ್ವಾಗ ಅಪ್ಪ ಕೂರ್ತಿದ್ದ ಜಾಗದಲ್ಲಿ ಕೂರುಸ್ತೀನಿ" ಎಂದ. ಸಾಕಮ್ಮ ಬಿಲ್ಲೆಯನ್ನು ಒಮ್ಮೆ ಕೈಗೆ ತೆಗೆದುಕೊಂಡು, ಅದರ ನುಣುಪನ್ನು ಸವರಿ, ಅವನ ಅಂಗೈಗೇ ಇಟ್ಟಳು. "ತಕಂಡೋಗು. ತವರಿಗೆ ನಾನೂ ಒಂದು ಬಾಗಿನ ಕೊಟ್ಟಂಗಾಯ್ತು" ಎಂದಳು. ಕೆಂಪತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅಡಿಕೆ ಚೂರು ಕಣ್ಣಿಗೆ ಹಾರಿತು ಎಂದಿತು. ನಾನು ನೆಟ್ಟಗೆ ನಿಂತೆ. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಕಲ್ಲು, ನಿಜವಾದ ಕಲ್ಲು, ಇಳಿದಿತ್ತು. ಬೆಟ್ಟ ಕೊರೆದು ನಾಲೆ ತಂದವರ ಸಾಲಿನಲ್ಲಿ ನನಗೂ ಒಂದು ಮೂಲೆ ಉಂಟೆಂದು ತೋರಿತು.

ಸಾಕಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡದ್ದು ಅಪರೂಪ. "ತಮ್ಮ ಬಂದವ್ನೆ, ಊರಿಂದ ಹಿಟ್ಟೂ ಬೀಸಿ ತಂದಿದೀನಿ. ಈ ಕಲ್ಲಿನ ಮ್ಯಾಲೇ ಕಲಸಿ ಚಕ್ಲಿ ಒತ್ತುಬುಡನ" ಎಂದು ಗೂಡಿಗೆ ಕೈಚಾಚಿ ಒರಳು ತೆಗೆದುಕೊಂಡಳು. ಅದು ಕೈಗೆ ಬಂದೊಡನೆ, ಏನೋ ಗಿಡ್ಡವಾಗಿದೆಯಲ್ಲ ಎನ್ನುವಂತೆ ಒಂದು ಸಲ ತಿರುಗಿಸಿ ನೋಡಿದಳು. ಅಚ್ಚನ್ನು ಮೇಲಿನಿಂದ ಒಳಗೆ ಬಿಟ್ಟಳು. ಅಚ್ಚನ್ನು ತಡೆದು ಹಿಡಿಯಲು ತಳದಲ್ಲಿ ಒಂದು ಅಂಚು ಇರುತ್ತದೆ. ಇರುತ್ತಿತ್ತು. ಅಚ್ಚು ಒರಳಿನೊಳಗೆ ನೆಟ್ಟಗೆ ಇಳಿದು, ಕೆಳಗಿನಿಂದ ಈಚೆಗೆ ಬಂದು, ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಇಷ್ಟು ದಿನ ನಾನು ಕಿವಿಗೊಟ್ಟು ಕಾದಿದ್ದ ಸದ್ದು ಅದೇ ಇರಬೇಕು. ಮರಳು ಕಲ್ಲಿನ ಜೊತೆಗೆ ಒರಳಿನ ಆ ಅಂಚನ್ನೂ ತಿಂದುಹಾಕಿತ್ತು. ಕೆಂಪತ್ತೆ, "ನಾನ್ ಅವತ್ತೇ ಅಂದೆ, ಕಲ್ಲಿಗೆ ಒತ್ತಬ್ಯಾಡ ಕಣ್ಲಾ ಅಂತ" ಎಂದಿತು. ಅತ್ತೆ ಹಾಗೆ ಅಂದಿರಲಿಲ್ಲ.

ಕಲ್ಲು ಸೀಳಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ನಮ್ಮ ಮನೆಯಲ್ಲಿ ಚಕ್ಕುಲಿ ಆಗಲಿಲ್ಲ. ಯುದ್ಧ ಮುಗಿದು ಪೇಟೆಗೆ ಹಿತ್ತಾಳೆ ಬರುವವರೆಗೂ ಆಗಲಿಲ್ಲ.